ಜಟ್ಟಿ ಕಾರಿನ ಮೈಬಣ್ಣ

ಇಂಗ್ಲಿಷಿನಲ್ಲಿ ‘ಲ್ಯಾಕರ್’ ಎಂದೊಂದು ಪದವುಂಟು. ಮೋಟಾರು ಕಾರಿಗೂ ಮರದ ಪೆಟ್ಟಿಗೆಗೂ ಬಳಿಯುವ, ಬೇಗನೆ ಆರಿ ಗಾಜಿನಂತೆ ಹೊಳೆಯುವ ಬಣ್ಣಕ್ಕೆ ಆ ಹೆಸರು. ನಿಘಂಟುಗಳ ಹಾಳೆ ಮಗುಚುವ ಚಟವುಳ್ಳ ನನ್ನಂಥವರಿಗೆ ಇಂಥ ಪದ ಕಂಡರೆ ಅದರ ಕುಲಗೋತ್ರ ವಿಚಾರಿಸದೆ ಮನಸ್ಸು ತಡೆಯದು. ಪೋರ್ತುಗೀಸರ ಬಾಯಿಂದ ಇಂಗ್ಲಿಷಿಗೆ ಹೋದ ಈ ಪದದ ಬೇರನ್ನು ಹಿಡಿದು ನಡೆದರೆ, ಅರಬರ ಅಂಗಳವನ್ನು ದಾಟಿ, ಕೊನೆಗೆ ನಮ್ಮ ‘ಲಾಕ್ಷಾ’ ಎಂಬ ಸಂಸ್ಕೃತ ಶಬ್ದದ ಹೊಸ್ತಿಲಿಗೆ ಬಂದು ನಿಲ್ಲುತ್ತೇವೆ. ಲಾಕ್ಷೆಯೆಂದರೆ ಅರಗು. ಪಾಂಡವರನ್ನು ಸುಡಲೆಂದು ಕೌರವನು ಕಟ್ಟಿಸಿದ ಮನೆಯ ಅರಗು. ಚನ್ನಪಟ್ಟಣದ ಬೊಂಬೆಗಳ ಮೈಹೊಳಪಿನ ಅರಗು. ಅಂಚೆಯ ಪೊಟ್ಟಣಗಳ ಮೇಲೆ ಮುದ್ರೆಯೊತ್ತುತ್ತಿದ್ದ ಅರಗು. ಮರದ ಕೊಂಬೆಗೆ ಹತ್ತಿಕೊಂಡು ಬಾಳುವ ಸಣ್ಣದೊಂದು ಹುಳು ಸ್ರವಿಸುವ ಈ ಅಂಟಿನಿಂದ ಒಂದು ಕಡೆ ಹೊಳಪಿನ ಲೇಪವೂ ಇನ್ನೊಂದು ಕಡೆ ಕೆಂಪು ಬಣ್ಣವೂ ದೊರೆಯುತ್ತಿದ್ದುವು. ಹೆಂಗಸರು ಪಾದಗಳಿಗೆ ಹಚ್ಚಿಕೊಳ್ಳುತ್ತಿದ್ದ ಅಲತಿಗೆಯೆಂಬುದು ಆ ಕೆಂಪೇ.

ಈಗಿನ ಕಾರುಗಳ ಬಣ್ಣದಲ್ಲಿ ಅರಗಿನ ಹನಿಯೂ ಇಲ್ಲ, ಉಳಿದಿರುವುದು ಹೆಸರೊಂದೇ. ೧೯೨೦ರ ದಶಕದ ಮೊದಲಲ್ಲಿ ಅಮೆರಿಕದ ಡ್ಯುಪಾಂಟ್ ಸಂಸ್ಥೆಯವರು ಹತ್ತಿಯ ನಾರನ್ನು ಆಮ್ಲಗಳಲ್ಲಿ ಪಕ್ವಗೊಳಿಸಿ ಪಡೆದ ನೈಟ್ರೊಸೆಲ್ಯುಲೋಸಿನಿಂದ ಕಾರಿನ ಬಣ್ಣವೊಂದನ್ನು ಸಿದ್ಧಪಡಿಸಿ ಅದಕ್ಕೆ ಡ್ಯೂಕೊ ಎಂದು ಹೆಸರಿಟ್ಟರು. ಅದಕ್ಕೆ ಮೊದಲು ಎಣ್ಣೆಯ ವಾರ್ನಿಷು ಬಳಿಸಿಕೊಂಡ ಕಾರು ಒಣಗಿ ಹೊರಬೀಳಲು ವಾರಗಟ್ಟಲೆ ಹಿಡಿಯುತ್ತಿತ್ತು. ಡ್ಯೂಕೊ ಬಂದ ಮೇಲೆ ಅದು ಗಂಟೆಗಳ ಮಾತಾಯಿತು. ೧೯೨೪ರ ಓಕ್ಲಂಡ್ ಎಂಬ ಕಾರು ಈ ಬಣ್ಣವನ್ನು ನೀಲಿಯಾಗಿ ತೊಟ್ಟು ಮೊದಲು ಬೀದಿಗಿಳಿಯಿತು. ಆ ಡ್ಯೂಕೊ ಸಮುದ್ರ ದಾಟಿ ನಮ್ಮಲ್ಲಿಯೂ ಎಷ್ಟು ಆಳವಾಗಿ ಬೇರೂರಿತೆಂದರೆ, ಕಾಸರಗೋಡಿನಲ್ಲಿ ಮರದ ಕಪಾಟಿಗೆ ಬಣ್ಣ ಹೊಡೆಯಲು ಬಂದವನು ಇಂದಿಗೂ “ಡ್ಯೂಕೊ ಬೇಕೋ, ಸಾದಾ ಪೈಂಟು ಸಾಕೋ?” ಎಂದು ಕೇಳುವುದುಂಟು. ಆ ಬಡಪಾಯಿಗೆ ಅದೊಂದು ಕಂಪೆನಿಯಿಟ್ಟ ಹೆಸರೆಂಬುದು ಗೊತ್ತಿಲ್ಲ. ಗೊತ್ತಾಗಬೇಕಾದ ಅಗತ್ಯವೂ ಇಲ್ಲ. ಅಂದಹಾಗೆ, ಈ ನೈಟ್ರೊಸೆಲ್ಯುಲೋಸು ತುಪಾಕಿಯ ಮದ್ದಿಗೆ ಹತ್ತಿರದ ದಾಯಾದಿ; ಕಿಡಿ ತಾಗಿದರೆ ಧಗ್ಗೆಂದು ಉರಿಯುವಂಥದು. ಆದುದರಿಂದ ಅರಗಿನ ಹೆಸರು ಅದಕ್ಕೆ ಸಂದದ್ದು ಅನುಚಿತವೇನಲ್ಲ.

ಈ ವಿಷಯದಲ್ಲಿ ನನಗೆ ಇಷ್ಟೊಂದು ಆಸ್ಥೆ ಹುಟ್ಟಿದುದಕ್ಕೆ ಕಾರಣ ಒಂದು ಕೆಂಪು ಕಾರು. ೨೦೨೩ರ ಬೇಸಗೆಯನ್ನು ನಾನು ಅಮೆರಿಕದ ಮಿಶಿಗನ್ ರಾಜ್ಯದಲ್ಲಿ, ಮಗಳ ಮನೆಯಲ್ಲಿ ಕಳೆದೆ. ಊರಿನಲ್ಲಿ ನಲವತ್ತು ವರ್ಷ ಕನ್ನಡ ಪಾಠ ಹೇಳಿದವನಿಗೆ ಅಲ್ಲಿ ಮಾಡಲು ಕೆಲಸವೇನಿರುತ್ತದೆ? ಮಗಳೂ ಅಳಿಯನೂ ಬೆಳಗ್ಗೆ ಹೊರಟುಹೋದರೆ ನಾನು, ಒಂದು ಕುರ್ಚಿ, ಎದುರಿಗೆ ಹುಲ್ಲಿನ ಅಂಗಳ. ಪಕ್ಕದ ಮನೆಯ ವೃದ್ಧರು ಬೆಳಗ್ಗೆ ಗಾರೇಜಿನ ಬಾಗಿಲೆತ್ತಿದರೆ ಅದರೊಳಗಿಂದ ಒಂದು ಹಳೆಯ ಕಾರಿನ ಮೂತಿ ಕಾಣುತ್ತಿತ್ತು. ಮೂರನೆಯ ದಿನ ಅವರೇ ಕೈಬೀಸಿ ಕರೆದರು. ನಾಲ್ಕನೆಯ ದಿನದಿಂದ ನನ್ನ ಕುರ್ಚಿ ಅವರ ಗಾರೇಜಿಗೆ ಸ್ಥಳಾಂತರಗೊಂಡಿತು. ನಾನು ಮಾಸ್ತರನಾಗಿದ್ದವನೆಂದು ಮಗಳು ಹೇಳಿದ್ದಳಾಗಿ ಅವರು ನನ್ನನ್ನು ಕಡೆಯತನಕ ‘ಟೀಚರ್’ ಎಂದೇ ಕರೆದರು.

ಅವರು ಮೂವತ್ತಕ್ಕೂ ಮಿಕ್ಕಿದ ವರ್ಷ ಒಂದು ಕಾರಿನ ಕಾರಖಾನೆಯ ಬಣ್ಣದ ವಿಭಾಗದಲ್ಲಿ ದುಡಿದವರು. ಕಾರಾದರೋ ೧೯೬೭ರ ಪಾಂಟಿಯಾಕ್ ಜಿ.ಟಿ.ಓ. ಅಂಥವುಗಳನ್ನು ಆ ದೇಶದಲ್ಲಿ ‘ಮಸಲ್ ಕಾರ್’ ಎನ್ನುತ್ತಾರೆ. ಮಾಂಸಖಂಡದ ಕಾರೆಂದು ಕನ್ನಡಿಸಿದರೆ ಕಟುಕನ ಅಂಗಡಿ ನೆನಪಾಗುವುದರಿಂದ ನಾನು ಅದನ್ನು ನನ್ನಷ್ಟಕ್ಕೆ ‘ಜಟ್ಟಿ ಕಾರು’ ಎಂದು ಕರೆದುಕೊಂಡೆ. ನೋಡಲು ಸಂಸಾರಸ್ಥರ ಸಾಧಾರಣ ಗಾತ್ರದ ಗಾಡಿ. ಹೊಟ್ಟೆಯೊಳಗೆ ಮಾತ್ರ ದೊಡ್ಡ ಕಾರಿಗೆ ಹಾಕಬೇಕಾದ ಎಂಜಿನು. ಈ ಜಾತಿಗೆ ದಾರಿ ಹಾಕಿಕೊಟ್ಟದ್ದು ಪಾಂಟಿಯಾಕಿನವರೇ ಎಂದು ಬಹುಮಂದಿ ಒಪ್ಪುತ್ತಾರೆ. ಮಧ್ಯಮ ಗಾತ್ರದ ಕಾರಿಗೆ ೩೩೦ ಘನ ಅಂಗುಲಕ್ಕಿಂತ ದೊಡ್ಡ ಎಂಜಿನು ಕೂಡದೆಂದು ಜನರಲ್ ಮೋಟಾರ್ಸಿನ ಹಿರಿಯರು ಕಟ್ಟಳೆ ಮಾಡಿದ್ದರು. ಜಾನ್ ಡಿಲೋರಿಯನ್ ಮೊದಲಾದ ಪಾಂಟಿಯಾಕಿನ ಎಂಜಿನಿಯರರು ೧೯೬೪ರಲ್ಲಿ ೩೮೯ ಘನ ಅಂಗುಲದ ಎಂಜಿನನ್ನು ಟೆಂಪೆಸ್ಟ್ ಎಂಬ ಕಾರಿಗೆ ‘ಬೇಕಾದವರಿಗೆ ಹೆಚ್ಚುವರಿ ಸೌಕರ್ಯ’ವೆಂದು ಸೇರಿಸಿ ಆ ಕಟ್ಟಳೆಯ ಸಂದಿಯಲ್ಲಿ ನುಸುಳಿದರು. ಹೆಸರನ್ನು ಇಟಲಿಯ ಫೆರಾರಿಯವರಿಂದ ಸಂಕೋಚವಿಲ್ಲದೆ ಎತ್ತಿಕೊಂಡರು. ಮೊದಲ ವರ್ಷವೇ ೩೨,೪೫೦ ಕಾರುಗಳು ಮಾರಾಟವಾದುವು. ೧೯೬೭ರ ಹೊತ್ತಿಗೆ ಎಂಜಿನು ೪೦೦ ಘನ ಅಂಗುಲಕ್ಕೆ ಬೆಳೆದಿತ್ತು. ಮುಂದೆ ಏರಿದ ವಿಮೆಯ ಕಂತು, ೧೯೭೦ರ ವಾಯುಶುದ್ಧಿಯ ಕಾನೂನು, ೧೯೭೩ರ ತೈಲದ ಬಿಕ್ಕಟ್ಟು ಒಂದರ ಹಿಂದೊಂದು ಬಂದು ಜಟ್ಟಿಗಳ ಅಖಾಡ ಮುಚ್ಚಿಹೋಯಿತು. ಪಾಂಟಿಯಾಕ್ ಎಂಬ ಹೆಸರೇ ೨೦೧೦ರಲ್ಲಿ ಕೊನೆಗೊಂಡಿತು. ಬ್ರಿಟಿಷರ ಮೇಲೆ ೧೭೬೩ರಲ್ಲಿ ಯುದ್ಧ ಹೂಡಿದ ಮೂಲನಿವಾಸಿ ನಾಯಕನ ಹೆಸರು ಅದು. ಈಗ ಅವನ ಹೆಸರು ಡೆಟ್ರಾಯಿಟಿನ ಹತ್ತಿರದ ಒಂದು ಊರಿಗೂ, ಮುದುಕರ ಗಾರೇಜುಗಳಲ್ಲಿರುವ ಕಾರುಗಳಿಗೂ ಉಳಿದಿದೆ. ಹಿಂದೆ ಹೇಳಿದ ಓಕ್ಲಂಡ್ ಕಾರು ಹುಟ್ಟಿದ್ದೂ ಆ ಊರಿನಲ್ಲೇ. ಪಾಂಟಿಯಾಕ್ ೧೯೨೬ರಲ್ಲಿ ಅದರ ತಂಗಿಯಾಗಿ ಬಂದದ್ದು.

ಈ ಕಾರನ್ನು ಕೊಂಡವರು ವೃದ್ಧರ ಅಣ್ಣ. ಕಾರಿನ ಒಡೆತನ ಅವರಿಗೆ ಒಂದು ವರ್ಷವೂ ದಕ್ಕಲಿಲ್ಲ. ೧೯೬೮ರಲ್ಲಿ ವಿಯೆಟ್ನಾಮಿಗೆ ಹೋದವರು ಹಿಂದಿರುಗಲಿಲ್ಲ. ಅದೊಂದೇ ವರ್ಷ ಅಲ್ಲಿ ಮಡಿದ ಅಮೆರಿಕದ ಸೈನಿಕರು ೧೬,೦೦೦ಕ್ಕೂ ಹೆಚ್ಚು. ಕಾರನ್ನು ಮಾರಿಬಿಡೋಣವೆಂದು ತಂದೆ ಹೇಳಿದರೆ ತಾಯಿ ಸುತರಾಂ ಒಪ್ಪಲಿಲ್ಲವಂತೆ. ಆಕೆ ಅದನ್ನು ಬಟ್ಟೆ ಹೊದೆಸಿ ಇಟ್ಟವರೂ ಅಲ್ಲ. ಕ್ಲಚ್ಚು ತುಳಿದು ನಾಲ್ಕು ಗೇರು ಬದಲಿಸುವ ಆ ಪೈಲವಾನನನ್ನು ಪ್ರತಿ ಶನಿವಾರ ತರಕಾರಿ ತರಲು ಓಡಿಸಿಕೊಂಡು ಹೋಗುತ್ತಿದ್ದರು. ಮುನ್ನೂರ ಮೂವತ್ತೈದು ಕುದುರೆಗಳ ಬಲದಿಂದ ಎರಡು ಚೀಲ ಆಲೂಗೆಡ್ಡೆ ಮನೆಗೆ ಬರುತ್ತಿತ್ತು. ತಿಂಗಳುಗಳು ಹೋಗಿ ವರ್ಷಗಳಾದುವು. ಆಕೆಯ ತಲೆ ಬೆಳ್ಳಗಾಯಿತು, ಕಾರಿನ ಕೆಂಪೂ ಕಂದಿತು.

ಆ ಪ್ರಾಂತದಲ್ಲಿ ಕಾರಿನ ದೊಡ್ಡ ಶತ್ರು ಉಪ್ಪು. ಚಳಿಗಾಲದಲ್ಲಿ ರಸ್ತೆಯ ಹಿಮ ಕರಗಲೆಂದು ಉಪ್ಪನ್ನು ಹೊಲಕ್ಕೆ ಬೀಜ ಎರಚಿದಂತೆ ಎರಚುತ್ತಾರೆ. ಡೆಟ್ರಾಯಿಟ್ ನಗರದ ಅಡಿಯಲ್ಲಿಯೇ, ಸಾವಿರ ಅಡಿಗಿಂತ ಆಳದಲ್ಲಿ, ಅದರ ದೊಡ್ಡ ಗಣಿಯಿದೆ. ಮೇಲೆ ಕಾರು ಮಾಡುತ್ತ, ಕೆಳಗಿನಿಂದ ಅದನ್ನು ತಿನ್ನುವ ಉಪ್ಪನ್ನು ಅಗೆದು ತೆಗೆಯುವ ಊರು ಪ್ರಪಂಚದಲ್ಲಿ ಮತ್ತೊಂದುಂಟೋ ನಾನರಿಯೆ. ಕಡಲ ಗಾಳಿಗೆ ಕಿಟಕಿಯ ಸರಳುಗಳು ವರ್ಷಕ್ಕೊಂದು ಪದರ ಕಳಚುವುದನ್ನು ನೋಡಿ ಬೆಳೆದ ನನಗೆ ತುಕ್ಕಿನ ಸ್ವಭಾವ ಪರಿಚಿತವೇ. ಕಾರಿನ ಮೇಲೆ ಕಲ್ಲೊಂದು ಸಿಡಿದು ಸಾಸಿವೆಯಷ್ಟು ಬಣ್ಣ ಹಾರಿದರೆ ಸಾಕು, ಅಲ್ಲಿಂದ ಅದರ ಪ್ರವೇಶ. ತಾಯಿ ಇದನ್ನು ಬಲ್ಲರು. ಬಣ್ಣದಂಗಡಿಯಿಂದ ಸರಿಯಾದ ಬಣ್ಣ ತರಿಸುವುದು ಮಾತ್ರ ಅವರ ಅಭ್ಯಾಸವಾಗಿರಲಿಲ್ಲ. ಎಲ್ಲಿ ಬಣ್ಣ ಹಾರಿತೋ ಅಲ್ಲಿಗೆ ತಮ್ಮ ಉಗುರುಬಣ್ಣದ ಸೀಸೆಯನ್ನು ತೆಗೆದು, ಅದರೊಳಗಿನ ಪುಟ್ಟ ಕುಂಚದಿಂದ ಒಂದು ಬೊಟ್ಟು ಇಡುತ್ತಿದ್ದರು.

ಬಾನೆಟ್ಟಿನ ಮುಂಚೂಣಿಯಲ್ಲಿ, ಬಾಗಿಲ ಅಂಚಿನಲ್ಲಿ, ಚಕ್ರಗಳ ಹಿಂದಣ ಮಗ್ಗುಲಲ್ಲಿ ಆ ಬೊಟ್ಟುಗಳನ್ನು ನಾನು ಎಣಿಸಿದೆ: ನಲವತ್ತೊಂದು. ಒಂದರ ಕೆಂಪು ಇನ್ನೊಂದಕ್ಕಿಲ್ಲ. ೧೯೬೮ರಿಂದ ಇಪ್ಪತ್ತೈದು ವರ್ಷಕ್ಕೂ ಮಿಕ್ಕಿ ಹೆಂಗಸರ ಉಗುರಿನ ಅಭಿರುಚಿ ಹೇಗೆ ಬದಲಾಯಿತೋ ಹಾಗೆ ಬೊಟ್ಟುಗಳೂ ಬದಲಾಗಿವೆ. ಒಂದು ಕಡೆ ದಾಸವಾಳ, ಒಂದು ಕಡೆ ಇಟ್ಟಿಗೆ, ಒಂದೆಡೆ ಕಿತ್ತಳೆಗೆ ವಾಲಿದ್ದು, ಡಿಕ್ಕಿಯ ಮೂಲೆಯಲ್ಲೊಂದು ಮುತ್ತಿನಂತೆ ಮಿನುಗುವುದು. ತಾಯಿ ೧೯೯೬ರಲ್ಲಿ ತೀರಿಕೊಂಡರು. ಆಮೇಲೆ ಕಾರು ಹೆಚ್ಚಾಗಿ ಗಾರೇಜಿನಲ್ಲೇ ಇತ್ತು.

ನಾನು ಹೋದ ವರ್ಷ ಆ ಮನೆಯಲ್ಲಿ ಒಂದು ವ್ಯಾಜ್ಯ ನಡೆದಿತ್ತು. ವೃದ್ಧರ ಮೊಮ್ಮಗ, ಇಪ್ಪತ್ತೆರಡರ ತರುಣ, ಕಾರುಗಳ ವಿಷಯದಲ್ಲಿ ತಿಳಿದವನು, ಕಾರಿನ ಬಣ್ಣವನ್ನೆಲ್ಲ ಕಬ್ಬಿಣದವರೆಗೆ ಕೆರೆದು ತೆಗೆದು ಹೊಸದಾಗಿ ಬಳಿಸಬೇಕೆಂದು ಹಟ ಹಿಡಿದಿದ್ದ. ಅವನ ವಾದವನ್ನು ಹಗುರಾಗಿ ಕಾಣುವಂತಿರಲಿಲ್ಲ. ಹಳೆಯ ಬಣ್ಣದ ಅಡಿಯಲ್ಲಿ ತುಕ್ಕು ಎಲ್ಲೆಲ್ಲಿ ಹರಡಿದೆಯೋ ಯಾರಿಗೆ ಗೊತ್ತು? ಭಾವುಕತೆಯಿಂದ ಬಣ್ಣವನ್ನು ಉಳಿಸಿಕೊಂಡು ಕಬ್ಬಿಣವನ್ನು ಕಳೆದುಕೊಂಡರೆ ಏನು ಬಂದಂತಾಯಿತು? ಬಾನೆಟ್ಟಿನ ಮೇಲೆ, ಬೇಸಗೆಯಲ್ಲಿ ಬತ್ತಿದ ಕೆರೆಯ ತಳದಂತೆ, ಎಳೆಯೆಳೆಯಾದ ಬಿರುಕುಗಳಿದ್ದುವು. ಬಿಸಿಲು ಚಳಿಗಳ ಹಿಗ್ಗು ಕುಗ್ಗುಗಳಿಂದ ಹಳೆಯ ಲ್ಯಾಕರಿನಲ್ಲಿ ಹುಟ್ಟುವ ಆ ಬಿರುಕಿಗೆ ಯಾವ ಉಜ್ಜುವಿಕೆಯಿಂದಲೂ ಮದ್ದಿಲ್ಲ. ಜಟ್ಟಿ ಕಾರುಗಳ ಬೆಲೆಯೂ ಈಗ ಸಾಮಾನ್ಯದ್ದಲ್ಲ. ೧೯೭೧ರ ಹೆಮಿ ಎಂಜಿನಿನ, ಮಡಚುವ ಮಾಡಿನ ಪ್ಲಿಮತ್ ಬ್ಯಾರಕುಡಾ ಒಂದು ೨೦೧೪ರ ಹರಾಜಿನಲ್ಲಿ ೩೫ ಲಕ್ಷ ಡಾಲರಿಗೆ ಹೋಗಿತ್ತು. ಅದು ಬೆರಳೆಣಿಕೆಯಷ್ಟೇ ಆದ ಕಾರು, ಇದು ಸಾವಿರಾರರಲ್ಲೊಂದು. ಆದರೂ ತರುಣನ ಕಣ್ಣಿಗೆ ಕನಸು ಬೀಳುವಷ್ಟು ಅಂತರವೇನೂ ಹೆಚ್ಚಲ್ಲ.

ಅಜ್ಜನ ಉತ್ತರ ಬೇರೆ ದಿಕ್ಕಿನಿಂದ ಬಂದಿತು. “ಹೊಸ ಬಣ್ಣ ಬಳಿದರೆ ಇದು ೧೯೬೭ರ ಕಾರಾಗುವುದೆಂದು ತಿಳಿದೆಯಾ?” ಎಂದು ಅವರು ನಕ್ಕರು. ಜನರಲ್ ಮೋಟಾರ್ಸಿನವರು ೧೯೫೦ರ ದಶಕದ ಕೊನೆಯ ಹೊತ್ತಿಗೆ ನೈಟ್ರೊಸೆಲ್ಯುಲೋಸನ್ನು ಬಿಟ್ಟು ಅಕ್ರಿಲಿಕ್ ಲ್ಯಾಕರಿಗೆ ಬಂದಿದ್ದರು. ಅದನ್ನು ಪದರಪದರವಾಗಿ ಸಿಂಪಡಿಸಿ, ಒಲೆಯಲ್ಲಿ ಅರೆಬೇಯಿಸಿ, ತಪ್ಪುಗಳನ್ನು ಮರಳುಕಾಗದದಿಂದ ಉಜ್ಜಿ, ಮತ್ತೆ ಇನ್ನಷ್ಟು ಕಾವಿನಲ್ಲಿ ಬೇಯಿಸುತ್ತಿದ್ದರು. ಎರಡನೆಯ ಬೇಯುವಿಕೆಯಲ್ಲಿ ಬಣ್ಣ ತಾನಾಗಿ ಕರಗಿ ಹರಿದು ಉಜ್ಜಿದ ಗೀರುಗಳನ್ನು ಮುಚ್ಚಿಕೊಳ್ಳುತ್ತಿತ್ತು. ಹೊಳಪು ಬಂದುದು ಹಾಗೆ. ಯಾರೋ ತಾಳ್ಮೆಯಿಂದ ತಿಕ್ಕಿದ್ದರಿಂದಲ್ಲ. ತಮ್ಮ ಕಾರಖಾನೆಯಲ್ಲಿ ಒಂದು ಕಾರು ಸಿಂಪಡಿಸುವವನ ಮುಂದೆ ನಿಲ್ಲುತ್ತಿದ್ದುದು ಒಂದು ನಿಮಿಷವೆಂದು ಅವರು ಹೇಳಿದರು. ಕಣ್ಣಿಗೆ ಬೀಳದ ಬಾಗಿಲ ಕೆಳಮಗ್ಗುಲಲ್ಲಿ ಬಣ್ಣ ತೆಳುವಾಗಿರುತ್ತಿತ್ತು. ಮೈಯಲ್ಲೆಲ್ಲ ಕಿತ್ತಳೆಯ ಸಿಪ್ಪೆಯಂತೆ ಸಣ್ಣ ಉಬ್ಬುತಗ್ಗುಗಳು. ಎಲ್ಲಾದರೊಂದು ಕಡೆ ಬಣ್ಣ ಇಳಿದ ಕಣ್ಣೀರಿನ ಗೆರೆ. ಸೋಮವಾರದ ಕಾರು, ಶುಕ್ರವಾರದ ಕಾರು ಎಂದು ತಾವು ಗುರುತು ಹಿಡಿಯುತ್ತಿದ್ದೆವೆಂದರು. ಅದು ಹಾಸ್ಯವೋ ಸತ್ಯವೋ ಅವರ ಮುಖದಿಂದ ತಿಳಿಯಲಿಲ್ಲ.

ಇಂದಿನ ಪುನರುದ್ಧಾರಕರು ಬಳಿಯುವ ಬಣ್ಣದ ರೀತಿಯೇ ಬೇರೆ. ೧೯೮೦ರ ದಶಕದಿಂದೀಚೆಗೆ ರೂಢಿಯಾದ ಪದ್ಧತಿಯಂತೆ ಕೆಳಗೆ ಬಣ್ಣದ ಪದರ, ಅದರ ಮೇಲೆ ಬಣ್ಣವಿಲ್ಲದ ಗಾಜಿನಂಥ ‘ಕ್ಲಿಯರ್ ಕೋಟ್’. ಇದನ್ನು ಗಟ್ಟಿಗೊಳಿಸುವ ಐಸೊಸಯನೇಟುಗಳ ಆವಿ ಶ್ವಾಸಕೋಶಕ್ಕೆ ಕೇಡು. ಕೊಳವೆಯಿಂದ ಹೊರಗಿನ ಗಾಳಿ ತರುವ ಮುಖವಾಡ ತೊಟ್ಟಲ್ಲದೆ ಸಿಂಪಡಿಸುವುದು ಅಪಾಯ. ಆರಿದ ಮೇಲೆ ಸಾವಿರ, ಸಾವಿರದೈನೂರು, ಎರಡು ಸಾವಿರ ನಂಬರಿನ ಕಾಗದಗಳಿಂದ ನೀರು ಹಾಕಿ ಉಜ್ಜಿ ಕನ್ನಡಿಯಂತೆ ಮಾಡುತ್ತಾರೆ. ಫಲವಾಗಿ ಬರುವುದು ಕಾರಖಾನೆ ಎಂದೂ ಕಂಡರಿಯದ ೧೯೬೭. ಈ ಅತಿಶಯಕ್ಕೆ ಅಮೆರಿಕದಲ್ಲಿಯೇ ಪ್ರತಿರೋಧ ಹುಟ್ಟಿದೆ. ೧೯೭೪ರಲ್ಲಿ ಹುಟ್ಟಿದ ಕಾರ್ವೆಟ್ ಕಾರುಗಳ ಸಂಘದವರು, ಕಾರು ಕಾರಖಾನೆಯಿಂದ ಹೊರಟಾಗ ಹೇಗಿತ್ತೋ ಹಾಗೆ ಇರಬೇಕೆಂದು ಪರೀಕ್ಷಿಸುತ್ತಾರೆ. ಬಣ್ಣ ಇರಬೇಕಾದುದಕ್ಕಿಂತ ಚೆನ್ನಾಗಿದ್ದರೆ ಅಂಕ ಕಡಿಯುತ್ತಾರೆ! ಉತ್ತರಪತ್ರಿಕೆ ತಿದ್ದಿ ಬೆರಳು ಸವೆಸಿದ ನನಗೆ ಇದು ವಿಚಿತ್ರವಾಗಿ ಕಂಡಿತು. ಆದರೆ ಯೋಚಿಸಿದಂತೆ ಅದರ ನ್ಯಾಯವೂ ಹೊಳೆಯಿತು. ನಮ್ಮ ಕಡೆ ಹಳೆಯ ಗುಡಿಗಳ ಮರದ ಮುಚ್ಚಿಗೆಗೆ ಜೀರ್ಣೋದ್ಧಾರದ ಹೆಸರಿನಲ್ಲಿ ಹೊಳೆಯುವ ಎನಾಮೆಲ್ ಬಳಿದು, ಉಳಿಯ ಕೆಲಸವೆಲ್ಲ ಹೂತುಹೋಗುವಂತೆ ಮಾಡಿದ್ದನ್ನು ನಾನು ಕಂಡಿದ್ದೇನೆ. ಬಳಿಸಿದವರ ಭಕ್ತಿ ಕಡಿಮೆಯದಲ್ಲ. ಕಂಡು ನನ್ನ ಹೊಟ್ಟೆ ಉರಿದುದೂ ಸುಳ್ಳಲ್ಲ.

ವ್ಯಾಜ್ಯವನ್ನು ಒಂದು ಪುಟ್ಟ ಯಂತ್ರದ ಮುಂದಿಟ್ಟರು. ಬಣ್ಣದ ದಪ್ಪವನ್ನು ಅಳೆಯುವ ಯಂತ್ರವದು. ಬಣ್ಣದ ಕೆಳಗಿನ ಕಬ್ಬಿಣ ಎಷ್ಟು ದೂರದಲ್ಲಿದೆಯೆಂದು ಕಂಡುಹಿಡಿದು ಹೇಳುತ್ತದೆ. ಕಾರಖಾನೆಯ ಬಣ್ಣವಾದರೆ ಸುಮಾರು ನೂರು ಮೈಕ್ರಾನು, ಅಂದರೆ ಒಂದು ದಪ್ಪ ತಲೆಗೂದಲಿನಷ್ಟು. ಅದಕ್ಕಿಂತ ಬಹಳ ಹೆಚ್ಚಿದ್ದರೆ ಯಾರೋ ಮೇಲೆ ಬಳಿದಿದ್ದಾರೆಂದು ಅರ್ಥ. ಇನ್ನೂ ಹೆಚ್ಚಿದ್ದರೆ ಕೆಳಗೆ ಪುಟ್ಟಿ ತುಂಬಿದ್ದಾರೆಂದು. ಮೊಮ್ಮಗ ಮಾಡಿನಿಂದ ಹಿಡಿದು ಬಾಗಿಲವರೆಗೆ ಗೇಣುಗೇಣಿಗೆ ಅದನ್ನೊತ್ತಿ ಓದುತ್ತ ಹೋದ: ತೊಂಬತ್ತು, ನೂರೈದು, ತೊಂಬತ್ತೆಂಟು. ಎಡಗಡೆಯ ಹಿಂದಿನ ಮಗ್ಗುಲಲ್ಲಿ ಮಾತ್ರ ಇನ್ನೂರರ ಮೇಲೆ. “ಅದು ಅಮ್ಮ ಗೇಟಿಗೆ ತಾಗಿಸಿದ್ದು,” ಎಂದು ಅಜ್ಜ ಹೇಳಿದರು. ಉಳಿದುದೆಲ್ಲ ಕಾರಖಾನೆಯದೇ. ಕಾರಿನ ಅಡಿಯಲ್ಲಿ ಮಲಗಿ ದೀಪ ಹಿಡಿದು ನೋಡಿದರು. ತುಕ್ಕು ಇತ್ತು, ಆದರೆ ಕಬ್ಬಿಣವನ್ನು ತೂತು ಮಾಡಿರಲಿಲ್ಲ. ಮೊಮ್ಮಗ ಎದ್ದು ಕೈಯೊರಸಿಕೊಂಡು, “ಒಂದು ವಾರ ನಿಮ್ಮ ರೀತಿಯಲ್ಲಿ ನೋಡೋಣ,” ಎಂದ.

ಆ ಒಂದು ವಾರ ನಾನು ಅವರ ಜೊತೆಗಿದ್ದೆ. ಕೆಲಸ ಮಾಡಲಿಲ್ಲ, ನೋಡಿದೆ. ಮೊದಲ ದಿನ ತೊಳೆದರು. ಆಮೇಲೆ ಜಾರುವ ದ್ರವವೊಂದನ್ನು ಸಿಂಪಡಿಸಿ, ಹಿಟ್ಟಿನ ಮುದ್ದೆಯಂಥ ಮೃದುವಾದ ಜೇಡಿಯನ್ನು ಮೈಮೇಲೆಲ್ಲ ಓಡಿಸಿದರು. ತೊಳೆದರೂ ಹೋಗದೆ ಬಣ್ಣಕ್ಕೆ ಕಚ್ಚಿಕೊಂಡ ಕಣಗಳೆಲ್ಲ ಆ ಮುದ್ದೆಗೆ ಹತ್ತಿಕೊಂಡು ಬಂದುವು. ಕಣ್ಣು ಮುಚ್ಚಿ ಬಾನೆಟ್ಟಿನ ಮೇಲೆ ಬೆರಳಾಡಿಸಲು ಹೇಳಿದರು. ಒಂದು ಪಕ್ಕ ಮರಳು ಚೆಲ್ಲಿದ ಹಾಸುಗಲ್ಲಿನಂತೆ, ಜೇಡಿ ಓಡಿದ ಪಕ್ಕ ಬಾಳೆಯೆಲೆಯಂತೆ ಇತ್ತು.

ಎರಡನೆಯ ದಿನ ಬಿಳಿಯ ಅರಿವೆಯ ತುದಿಗೆ ಪಾಲಿಶನ್ನು ಹಚ್ಚಿ ಒಂದು ಮೂಲೆಯಲ್ಲಿ ತಿಕ್ಕಿದರು. ಅರಿವೆ ಕೆಂಪಾಯಿತು. “ನೋಡಿದಿರಾ, ಟೀಚರ್? ಮೇಲೆ ಗಾಜಿಲ್ಲ. ನೀವು ಮುಟ್ಟುತ್ತಿರುವುದು ಬಣ್ಣವನ್ನೇ,” ಎಂದರು. ಹೊಸ ಕಾರಾಗಿದ್ದರೆ ಅರಿವೆ ಬಿಳಿಯದಾಗಿಯೇ ಉಳಿಯುತ್ತಿತ್ತು. ಹಳೆಯ ಬಣ್ಣ ಮಂಕಾಗುವುದು ಹೇಗೆಂದು ಅವರು ವಿವರಿಸಿದುದು ನನಗೆ ಬಹಳ ಹಿಡಿಸಿತು. ಸೂರ್ಯನ ಕಿರಣ ಮೇಲ್ಪದರದ ಅಂಟನ್ನು ಮೆಲ್ಲಮೆಲ್ಲನೆ ಒಡೆಯುತ್ತದೆ. ಅಂಟಿನ ಹಿಡಿತ ತಪ್ಪಿದ ಬಣ್ಣದ ಕಣಗಳು ಸುಣ್ಣದ ಹುಡಿಯಂತೆ ಮೇಲೆ ಕೂರುತ್ತವೆ. ಬೆಳಕು ಅವುಗಳಿಗೆ ಬಡಿದು ಅಡ್ಡಾದಿಡ್ಡಿಯಾಗಿ ಚೆದರುತ್ತದೆ; ಕೆಂಪು ನಮಗೆ ಬಿಳಿಚಾಗಿ ಕಾಣುತ್ತದೆ. ಆ ಹುಡಿಯನ್ನು ಒಮ್ಮೆಲೇ ಯಂತ್ರದಿಂದ ತಿಕ್ಕಿ ತೆಗೆದರೆ ಕಾರು ಹೊಳೆಯುವುದೇನೋ ನಿಜ. ಆದರೆ ತಲೆಗೂದಲಿನ ದಪ್ಪದ ಆಸ್ತಿಯಲ್ಲಿ ಪ್ರತಿಯೊಂದು ಹೊಳಪೂ ಒಂದು ಖರ್ಚು. ಬಾಗಿಲ ಅಂಚು, ಬಾನೆಟ್ಟಿನ ನಡುವಣ ಏಣು ಇಂಥ ಕಡೆಗಳಲ್ಲಂತೂ ಕಣ್ಣು ಮುಚ್ಚಿ ತೆರೆಯುವುದರೊಳಗೆ ಕೆಳಗಿನ ಪ್ರೈಮರು ಇಣುಕುತ್ತದೆ. ಒಮ್ಮೆ ಇಣುಕಿದ ಮೇಲೆ ಅದನ್ನು ಹಿಂದೆ ಕಳುಹಿಸುವ ದಾರಿಯಿಲ್ಲ.

ಆದುದರಿಂದ ಅವರು ಮೊದಲು ಮಾಡಿದುದು ಎಣ್ಣೆ ಕುಡಿಸುವ ಕೆಲಸ. ಎಣ್ಣೆಯಂಶ ಹೇರಳವಾಗಿರುವ, ಕೊರೆಯುವ ಹರಳು ಇಲ್ಲವೇ ಇಲ್ಲವೆನ್ನಬಹುದಾದ ಹಳೆಯ ಕಾಲದ ಒಂದು ಲೇಪವಿದೆ. ಅದನ್ನು ಕೈತುಂಬ ತೆಗೆದು, ದಪ್ಪ ಹತ್ತಿಯ ಟುವಾಲಿನಿಂದ, ಮಗುವಿಗೆ ಎಣ್ಣೆ ತಿಕ್ಕುವ ಅಜ್ಜಿಯಂತೆ, ಒಂದೊಂದೇ ಭಾಗಕ್ಕೆ ತಿಕ್ಕಿದರು. ಒರಸಲಿಲ್ಲ, ಇಡೀ ರಾತ್ರಿ ಹಾಗೆಯೇ ಬಿಟ್ಟರು. ಮರುದಿನ ಒರಸಿದಾಗ ಬಾಗಿಲಿನ ಮೇಲೆ ನಾನು ಕಂಡ ಕೆಂಪು ಹಿಂದಿನ ದಿನದ ಕೆಂಪಲ್ಲ. ಅದು ಹೊಳೆಯುತ್ತಿರಲಿಲ್ಲ, ಆದರೆ ಆಳವಾಗಿತ್ತು; ಮಳೆ ಬಂದು ನಿಂತ ಮೇಲಿನ ಜಂಬಿಟ್ಟಿಗೆಯ ಗೋಡೆಯಂತಿತ್ತು. ಹುಡಿಯಾದ ಕಣಗಳ ನಡುವಣ ಸಂದುಗಳಲ್ಲಿ ಎಣ್ಣೆ ತುಂಬಿಕೊಂಡು ಬೆಳಕಿನ ಚೆದರಾಟ ನಿಂತಿತ್ತು. ಮತ್ತೊಂದು ದಿನ ಅದನ್ನೇ ಮಾಡಿದರು. ಆಮೇಲೆ ಮೃದುವಾದ ಪಾಲಿಶನ್ನು ನೊರೆಯಂಥ ಮೆತ್ತೆಗೆ ಹಚ್ಚಿ, ನಿಧಾನವಾಗಿ ತಿರುಗುವ ಯಂತ್ರದಿಂದ ಒಂದೇ ಒಂದು ಬಾರಿ. ಏಣುಗಳ ಮೇಲೆಲ್ಲ ಕಾಗದದ ಪಟ್ಟಿ ಅಂಟಿಸಿ ಅವನ್ನು ಕೈಗೇ ಬಿಟ್ಟರು. ಈ ಅಂಟುಪಟ್ಟಿಗೂ ಕಾರಿನ ಬಣ್ಣಕ್ಕೂ ಹಳೆಯ ನೆಂಟು. ಎರಡು ಬಣ್ಣದ ಕಾರು ಬಳಿಯುವಾಗ ಗಡಿಗೆರೆ ಕೆಡುತ್ತಿದೆಯೆಂದು ಬಣ್ಣಗಾರರು ಬೈದಾಡುವುದನ್ನು ಕೇಳಿ, ಮರಳುಕಾಗದದ ಪರೀಕ್ಷೆಗೆಂದು ಅಲ್ಲಿಗೆ ಹೋಗಿದ್ದ ರಿಚರ್ಡ್ ಡ್ರೂ ಎಂಬ ತರುಣ ೧೯೨೫ರಲ್ಲಿ ಕಂಡುಹಿಡಿದುದು ಅದು. ಕೊನೆಯಲ್ಲಿ ಮೇಣ: ಬ್ರೆಜಿಲಿನ ಕಾರ್ನಾಬಾ ಎಂಬ ತಾಳೆಯ ಎಲೆಗಳಿಂದ ಉದುರಿಸಿ ತೆಗೆದದ್ದು. ಆ ಅಜ್ಜನ ಗಾರೇಜಿನಲ್ಲಿ ಕಪಾಟು ತುಂಬ ರಸಾಯನಗಳಿದ್ದರೂ ಕಟ್ಟಕಡೆಗೆ ಕಾರಿಗೆ ಹೊದೆಸಿದುದು ಒಂದು ಮರದ ಎಲೆಯ ಮೇಣವನ್ನು.

ಬೊಟ್ಟುಗಳ ಪ್ರಶ್ನೆ ಬಂದುದು ನಾಲ್ಕನೆಯ ದಿನ. ಸುತ್ತಲ ಕೆಂಪು ಜೀವ ಹಿಡಿದಂತೆಲ್ಲ ಅವು ಎದ್ದು ಕಾಣತೊಡಗಿದುವು. ಅದುವರೆಗೆ ಮಂಕಿನಲ್ಲಿ ಮಂಕಾಗಿ ಅಡಗಿದ್ದುವು. ಈಗ ನಲವತ್ತೊಂದೂ ಹೆಸರು ಕೂಗಿದ ಮಕ್ಕಳಂತೆ ಎದ್ದು ನಿಂತುವು. ಮೊಮ್ಮಗ ಅವನ್ನು ತೆಗೆಯಲು ಥಿನ್ನರಿನ ಡಬ್ಬಿಗೆ ಕೈಹಾಕಿದ. ಅಜ್ಜ ತಡೆದರು. ಅಕ್ರಿಲಿಕ್ ಲ್ಯಾಕರು ಎಷ್ಟು ವರ್ಷ ಕಳೆದರೂ ತನ್ನ ದ್ರಾವಕಕ್ಕೆ ಕರಗುವ ಗುಣವನ್ನು ಬಿಡುವುದಿಲ್ಲ. ಉಗುರುಬಣ್ಣವನ್ನು ಕರಗಿಸುವುದು ಅದನ್ನೂ ಕರಗಿಸುತ್ತದೆ. ಅಷ್ಟೇ ಅಲ್ಲ, ತಾಯಿ ಬೊಟ್ಟಿಟ್ಟಾಗಲೇ ಉಗುರುಬಣ್ಣದ ದ್ರಾವಕ ಸುತ್ತಲ ಬಣ್ಣವನ್ನು ತುಸು ಮೆತ್ತಗೆ ಮಾಡಿ ಅದರೊಡನೆ ಬೆಸೆದುಕೊಂಡಿರುತ್ತದೆ. ಏಕೆಂದರೆ ಉಗುರುಬಣ್ಣದ ಮೂಲದ್ರವ್ಯವೂ ಅದೇ ನೈಟ್ರೊಸೆಲ್ಯುಲೋಸು. ಆ ಸೀಸೆಯಲ್ಲಿದ್ದುದು ಹಳೆಯ ಡ್ಯೂಕೊವಿನ ತಂಗಿಯೇ. ಇದನ್ನು ಕೇಳಿದಾ​ಗ ನನಗೆ ಅಲತಿಗೆ ನೆನಪಾಯಿತು. ಅವರಿಗೆ ಲಾಕ್ಷೆಯ ಕತೆ ಹೇಳಿದೆ. ಅರಗಿನ ಮನೆಯ ಕತೆಯನ್ನೂ ಹೇಳಬೇಕಾಯಿತು. ಪಾಂಡವರು ಸುರಂಗದಿಂದ ಪಾರಾದರೆಂದು ತಿಳಿದು ಮೊಮ್ಮಗನಿಗೆ ಬಹಳ ಸಮಾಧಾನವಾಯಿತು.

ದಾರಿ ಇಲ್ಲದಿರಲಿಲ್ಲ. ಕ್ಷೌರದ ಬ್ಲೇಡಿನಿಂದ ಬೊಟ್ಟಿನ ತಲೆಯನ್ನು ಸವರಿ, ಎರಡು ಸಾವಿರ ನಂಬರಿನ ಕಾಗದದಿಂದ ಸಮ ಮಾಡಿ, ಮೇಲೆ ಸರಿಯಾದ ಕೆಂಪನ್ನು ಒಂದು ಹನಿ ಇಡಬಹುದು. ಅಜ್ಜನ ಕೈಗೆ ಅದು ಅರ್ಧ ದಿನದ ಕೆಲಸ. ಅವರು ಬ್ಲೇಡು ತಂದಿಟ್ಟುಕೊಂಡರು. ಬಾನೆಟ್ಟಿನ ತುದಿಯ ಮೊದಲ ಬೊಟ್ಟಿನ ಮೇಲೆ ಹೆಬ್ಬೆರಳನ್ನಿಟ್ಟು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ಮೊಮ್ಮಗನನ್ನು ಹತ್ತಿರ ಕರೆದು, “ಇದು ೧೯೬೮ರದು. ಅಣ್ಣನ ಸುದ್ದಿ ಬಂದು ಎರಡೋ ಮೂರೋ ವಾರವಾಗಿರಬೇಕು. ಅಮ್ಮ ಅಡುಗೆಮನೆಯಿಂದ ಏಪ್ರನ್ ಕಟ್ಟಿಕೊಂಡೇ ಹೊರಗೆ ಬಂದಳು. ನಾನು ಕಿಟಕಿಯಲ್ಲಿದ್ದೆ. ಅವಳು ಇದನ್ನು ಇಟ್ಟು ಊದಿ ಊದಿ ಆರಿಸುತ್ತಿದ್ದಳು,” ಎಂದರು. ಹುಡುಗ ಮುತ್ತಜ್ಜಿಯನ್ನು ಕಂಡವನಲ್ಲ. ಅವನು ಬಗ್ಗಿ ಆ ಬೊಟ್ಟನ್ನು ನೋಡಿದ; ಆಮೇಲೆ ಬಾಗಿಲ ಅಂಚಿನದನ್ನು; ಆಮೇಲೆ ಡಿಕ್ಕಿಯ ಮೂಲೆಯಲ್ಲಿ ಮಿನುಗುವುದನ್ನು ತೋರಿಸಿ, “ಇದು ಯಾವ ವರ್ಷದ್ದು?” ಎಂದು ಕೇಳಿದ. ಅದು ಅಜ್ಜನಿಗೂ ನೆನಪಿರಲಿಲ್ಲ. ಬ್ಲೇಡು ಆ ದಿನ ಡಬ್ಬಿಗೆ ಹಿಂದಿರುಗಿತು.

ಇಲ್ಲಿ ನನ್ನದೊಂದು ಮಾತನ್ನು ಸೇರಿಸಬೇಕು. ಹಳೆಯದನ್ನೆಲ್ಲ ಹಾಗೆಯೇ ಬಿಡಬೇಕೆನ್ನುವ ಪಂಗಡಕ್ಕೆ ನಾನು ಸೇರಿದವನಲ್ಲ. ಎಡಮಗ್ಗುಲ ಚಕ್ರದ ಹಿಂದೆ ಬಣ್ಣ ಗುಳ್ಳೆಯೆದ್ದಿದ್ದ ಒಂದು ಅಂಗೈಯಗಲದ ಜಾಗವನ್ನು ಅವರು ಕಬ್ಬಿಣದವರೆಗೆ ಕೆರೆದು, ಪ್ರೈಮರು ಹಚ್ಚಿ, ಹೊಸದಾಗಿಯೇ ಬಳಿದರು. ಬಳಿಯದೆ ಬಿಟ್ಟಿದ್ದರೆ ನಾನೇ ಆಕ್ಷೇಪಿಸುತ್ತಿದ್ದೆ. ಆದರೆ ಪುನರುದ್ಧಾರವೆಂಬ ಮಾತು ಬಂದಾಗ ಯಾವ ದಿನಕ್ಕೆ ಹಿಂದಿರುಗಬೇಕೆಂಬ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲವಲ್ಲ! ಕಾರಖಾನೆಯಿಂದ ಹೊರಟ ದಿನಕ್ಕೋ? ಅಣ್ಣ ಅದನ್ನು ಗಾರೇಜಿನಲ್ಲಿ ಬಿಟ್ಟು ಹೊರಟ ದಿನಕ್ಕೋ? ತಾಯಿ ಕಡೆಯ ಬಾರಿ ಆಲೂಗೆಡ್ಡೆ ತಂದ ದಿನಕ್ಕೋ? ಕಾರು ಅಣ್ಣನ ಕೈಯಲ್ಲಿದ್ದುದು ಕೆಲವು ತಿಂಗಳು; ತಾಯಿಯ ಕೈಯಲ್ಲಿದ್ದುದು ಸುಮಾರು ಇಪ್ಪತ್ತೆಂಟು ವರ್ಷ.

ಆಗಸ್ಟ್ ತಿಂಗಳ ಮೂರನೆಯ ಶನಿವಾರ ಡೆಟ್ರಾಯಿಟಿನಿಂದ ಪಾಂಟಿಯಾಕ್ ಊರಿನವರೆಗೆ ಹೋಗುವ ವುಡ್‌ವರ್ಡ್ ಹೆದ್ದಾರಿಯಲ್ಲಿ ಹಳೆಯ ಕಾರುಗಳ ಮೆರವಣಿಗೆ ನಡೆಯುತ್ತದೆ. ೧೯೯೫ರಲ್ಲಿ ಆರಂಭವಾದ ಜಾತ್ರೆ ಅದು. ೧೯೬೦ರ ದಶಕದಲ್ಲಿ ಜಟ್ಟಿ ಕಾರುಗಳ ಹುಡುಗರು ಅದೇ ಬೀದಿಯಲ್ಲಿ ರಾತ್ರಿ ಪಂದ್ಯ ಕಟ್ಟಿ ಓಡಿಸುತ್ತಿದ್ದರಂತೆ. ನಾವು ಮೂವರೂ ಹೋದೆವು. ನನ್ನನ್ನು ಮುಂದಿನ ಸೀಟಿನಲ್ಲಿ ಕೂರಿಸಿದರು. ನಮ್ಮ ಹಿಂದೆ ಮುಂದೆ ಕನ್ನಡಿಗಳಂತೆ ಥಳಥಳಿಸುವ ಕಾರುಗಳು; ಅವುಗಳ ಬಾನೆಟ್ಟಿನಲ್ಲಿ ಮೋಡಗಳು ಹಾಯ್ದು ಹೋಗುತ್ತಿದ್ದುವು. ಅವೂ ಸುಂದರವಾಗಿದ್ದುವೆಂದು ಹೇಳದಿದ್ದರೆ ಅನ್ಯಾಯವಾದೀತು. ರಸ್ತೆಯ ಬದಿಯಲ್ಲಿ ಕುರ್ಚಿ ಹಾಕಿ ಕುಳಿತ ಒಬ್ಬರು ನಮ್ಮ ಕಾರು ನಿಂತಾಗ ಎದ್ದು ಬಂದು, ಬಿರುಕನ್ನೂ ಬೊಟ್ಟುಗಳನ್ನೂ ನೋಡಿ, ಬಹಳ ಸೌಜನ್ಯದಿಂದ ತಮಗೆ ಗೊತ್ತಿರುವ ಒಬ್ಬ ಬಣ್ಣಗಾರನ ವಿಳಾಸ ಕೊಡಲೇ ಎಂದು ವಿಚಾರಿಸಿದರು. ಅಜ್ಜ ಉತ್ತರ ಕೊಡುವ ಮೊದಲೇ ಮೊಮ್ಮಗ ಹಿಂದಿನ ಸೀಟಿನಿಂದ, “ಬೇಡ, ಇದು ಆಗಿದೆ,” ಎಂದ.

ನಾನು ಸೆಪ್ಟೆಂಬರಿನಲ್ಲಿ ಊರಿಗೆ ಮರಳಿದೆ. ತುಲಾಮಾಸದ ಮಳೆ ಸುರಿಯುತ್ತಿದ್ದ ಒಂದು ಸಂಜೆ ಮಗಳು ಫೋನು ಮಾಡಿದ್ದಳು. “ಅಪ್ಪಾ, ಪಕ್ಕದ ಮನೆಯ ಹುಡುಗ ಬಂದಿದ್ದ. ಲಾರಿಯ ಚಕ್ರದಿಂದ ಕಲ್ಲು ಹಾರಿ ಕಾರಿನ ಮೂತಿಗೆ ಬಡಿದಿದೆಯಂತೆ. ನನ್ನ ಉಗುರುಬಣ್ಣ ಇದ್ದರೆ ಕೊಡಿ ಎಂದ, ದೀಪದ ಕೆಳಗಿಟ್ಟು ಒಣಗಿಸುವ ಹೊಸ ಬಗೆಯದು ಆಗದಂತೆ, ಹಳೆಯ ಬಗೆಯದೇ ಆಗಬೇಕಂತೆ,” ಎಂದಳು. ಹುಡುಕಿ ಒಂದು ಸೀಸೆ ಕೊಟ್ಟಳಂತೆ. ಕೆಂಪು ಸ್ವಲ್ಪ ಗುಲಾಬಿಯ ಕಡೆಗೆ ವಾಲಿತ್ತು. ಅಜ್ಜ ಕನ್ನಡಕ ಹಾಕಿಕೊಂಡು ನೋಡಿ, ಪರವಾಗಿಲ್ಲವೆಂದು ತಾವೇ ನಲವತ್ತೆರಡನೆಯ ಬೊಟ್ಟನ್ನಿಟ್ಟರಂತೆ.